ಪೆನಾಂಗಿನ ಕಡಲಂಚಿನ ಹಳೇ ಹೋಟೆಲಿನಲ್ಲಿ

ಮೊದಲ ದಿನ: ಗುಮ್ಮಟದ ಕೆಳಗೆ

ಮಲೇಷ್ಯಾದ ಪೆನಾಂಗಿನ ವಿಮಾನ ನಿಲ್ದಾಣ ಇರುವುದು ದ್ವೀಪದ ತೆಂಕಣ ತುದಿಯ ಹತ್ತಿರ. ಹಳೇ ಪೇಟೆ ಜಾರ್ಜ್‌ಟೌನ್ ಇರುವುದು ಈಶಾನ್ಯದ ಮೂಲೆಯಲ್ಲಿ. ನಡುವೆ ಕಾರ್ಖಾನೆಗಳು, ಮೇಲ್ಸೇತುವೆಗಳು, ಆಕಾಶಕ್ಕೆ ಏಣಿ ಹಾಕಿದಂಥ ಅಪಾರ್ಟ್‌ಮೆಂಟುಗಳು. ಹಳೇ ಬಂದರು ನೋಡಬೇಕೆಂದು ಬಂದವರಿಗೆ ಮೊದಲ ಅರ್ಧ ಗಂಟೆ ನಿರಾಸೆಯೇ. ಅಕ್ಕ ಟ್ಯಾಕ್ಸಿಯ ಕಿಟಕಿಯಿಂದ ಕಣ್ಣು ತೆಗೆಯದೆ, "ಇದಕ್ಕೇನೇ ನಾವು ಇಷ್ಟು ದುಡ್ಡು ಸುರಿದು ಬಂದದ್ದು?" ಅಂದಳು. ಅಕ್ಕ ಬ್ಯಾಂಕಿನಲ್ಲಿ ಲೆಡ್ಜರ್ ನೋಡುತ್ತಲೇ ನಿವೃತ್ತಳಾದವಳು. ಪ್ರವಾಸದಲ್ಲೂ ಅವಳ ಕಣ್ಣು ಮೊದಲು ಹೋಗುವುದು ಬಲಗಡೆಯ ಅಂಕಣಕ್ಕೆ.

ಕಾರು ಫಾರ್ಕ್ವರ್ ಸ್ಟ್ರೀಟಿಗೆ ಹೊರಳಿದ ಮೇಲೆ ಅವಳು ಸುಮ್ಮನಾದಳು. ರಸ್ತೆಯ ಉದ್ದಕ್ಕೂ ಚಾಚಿಕೊಂಡ ಬಿಳಿ ಕಟ್ಟಡ, ಮುಂದೆ ಪೋರ್ಟಿಕೊ. ಬಾಗಿಲಲ್ಲಿ ಮೊಣಕಾಲುದ್ದದ ಚಡ್ಡಿ, ಉದ್ದ ಕಾಲುಚೀಲ, ತಲೆಗೆ ಬೆಂಡಿನ ಟೊಪ್ಪಿ ಹಾಕಿಕೊಂಡ ಕಾವಲಿನವರು. ಸಾಹೇಬರು ಈ ದೇಶ ಬಿಟ್ಟು ಹೋದದ್ದು 1957ರಲ್ಲಿ. ಅವರ ಟೊಪ್ಪಿ ಮಾತ್ರ ಇನ್ನೂ ನೌಕರಿಯಲ್ಲಿದೆ. ಟೊಪ್ಪಿಯ ಕೆಳಗಿನ ಮುಖ ನಮ್ಮ ಕಡೆಯದೇ. "ವಾಂಗಮ್ಮಾ, ಎಂದ ಊರು?" ಎಂದು ಕೇಳಿ, ನಮ್ಮ ಮುರುಕು ತಮಿಳನ್ನು ಕೇಳಿಸಿಕೊಂಡು, ನಗುತ್ತಾ ಪೆಟ್ಟಿಗೆ ಇಳಿಸಿಕೊಂಡರು.

ಇದು ಈಸ್ಟರ್ನ್ ಅಂಡ್ ಓರಿಯೆಂಟಲ್ ಹೋಟೆಲು. ಊರಿನಲ್ಲಿ ಯಾರೂ ಇಷ್ಟುದ್ದ ಹೇಳುವುದಿಲ್ಲ, 'ಇ ಅಂಡ್ ಓ' ಅಷ್ಟೇ. ಶುರುವಾದದ್ದು 1885ರಲ್ಲಿ ಎಂದು ಹೋಟೆಲಿನವರ ಲೆಕ್ಕ. ಇಸ್ಫಹಾನಿನ ಆರ್ಮೇನಿಯನ್ ಕುಟುಂಬದ ಮಾರ್ಟಿನ್ ಮತ್ತು ಟಿಗ್ರಾನ್ ಸಾರ್ಕೀಸ್ ಎಂಬ ಅಣ್ಣತಮ್ಮಂದಿರು ಮೊದಲು ಈಸ್ಟರ್ನ್ ಎಂಬ ಒಂದು ಹೋಟೆಲು ಹಾಕಿದರು. ಅದು ಕೈಹಿಡಿಯಿತು. ಆಮೇಲೆ ಕಡಲ ಕಡೆಗೆ ಓರಿಯೆಂಟಲ್ ಎಂಬ ಇನ್ನೊಂದು. ಎರಡನ್ನೂ ಕೂಡಿಸಿದಾಗ ಹೆಸರೂ ಕೂಡಿಕೊಂಡಿತು. ಸಿಂಗಪುರದ ರಾಫಲ್ಸ್ (1887), ರಂಗೂನಿನ ಸ್ಟ್ರಾಂಡ್ (1901) ಇದೇ ಮನೆತನದವು. ಸೂಯೆಜ್ ಕಾಲುವೆ 1869ರಲ್ಲಿ ತೆರೆದ ಮೇಲೆ ಯುರೋಪಿನಿಂದ ಪೂರ್ವಕ್ಕೆ ಬರುವ ಹಡಗುಗಳು ಹೆಚ್ಚಾದವು. ಹಡಗು ಇಳಿದವರಿಗೆ ಮಲಗಲು ಹಾಸಿಗೆ, ಕುಡಿಯಲು ಒಂದು ಜಾಗ ಬೇಕಿತ್ತು. ಹಡಗು ನಿಲ್ಲುವಲ್ಲೆಲ್ಲ ಸಾರ್ಕೀಸರು ಹಾಸಿಗೆ ಹಾಕಿದರು.

ಲಾಬಿಯ ಮೇಲೆ ಒಂದು ಗುಮ್ಮಟ. ಅದರ ನಟ್ಟನಡುವೆ ನಿಂತು ಮಾತಾಡಿದರೆ ನಮ್ಮ ದನಿ ನಮ್ಮ ತಲೆಯ ಮೇಲೇ ಬಂದು ಬೀಳುತ್ತದೆ. ಎರಡು ಹೆಜ್ಜೆ ಆಚೆ ನಿಂತವರಿಗೆ ಏನೂ ವಿಶೇಷವಿಲ್ಲ. ಬಿಜಾಪುರದ ಗೋಳಗುಮ್ಮಟ ನೋಡಿದವರಿಗೆ ಇದು ಮರಿ. ಆದರೂ ಪೆಟ್ಟಿಗೆ ಹಿಡಿದು ಬಂದವರೆಲ್ಲ ಒಂದು ಸಲ ನಡುವೆ ನಿಂತು ಕೆಮ್ಮಿಯೋ ಗುನುಗಿಯೋ ನೋಡುತ್ತಾರೆ. ಅಕ್ಕ ಗಂಭೀರವಾಗಿ ಹೋಗಿ ನಿಂತು, "ಕೃಷ್ಣಾ" ಅಂದಳು. ತಲೆ ಎತ್ತಿ ನೋಡಿ, "ನನ್ನ ದನಿ ಇಷ್ಟು ಕೀರಲಾ? ಮೊದಲೇ ಹೇಳಬಾರದಿತ್ತೇನೇ?" ಎಂದು ನನ್ನನ್ನೇ ಗದರಿದಳು.

ನಮಗೆ ಸಿಕ್ಕಿದ್ದು ಹಳೇ ಭಾಗದ ರೂಮು, ಹೆರಿಟೇಜ್ ವಿಂಗ್. ಕೂರಲು ಒಂದು ಕೋಣೆ, ಮಲಗಲು ಇನ್ನೊಂದು, ಎತ್ತರದ ಸೂರು, ಮರದ ನೆಲ. ಬಚ್ಚಲುಮನೆಯೇ ನಮ್ಮ ಕಾಲೇಜು ದಿನಗಳ ಹಾಸ್ಟೆಲ್ ರೂಮಿಗಿಂತ ದೊಡ್ಡದು. ಇವೆಲ್ಲ ದುಡ್ಡು ಕೊಟ್ಟರೆ ಎಲ್ಲಿಯೂ ಸಿಗುವಂಥವು. ಇಲ್ಲಿ ಕೊಡುವ ದುಡ್ಡು ಕಿಟಕಿಗೆ. ಪರದೆ ಸರಿಸಿದರೆ ಕೆಳಗೆ ಹುಲ್ಲು, ಸಾಲು ತಾಳೆಮರ, ಕಡಲಿಗೆ ಮೂತಿ ಮಾಡಿ ಕೂತ ಹಳೇ ಫಿರಂಗಿ, ಒಂದು ಗಿಡ್ಡ ಗೋಡೆ. ಗೋಡೆಯ ಆಚೆ ಮಲಕ್ಕಾ ಜಲಸಂಧಿಯ ನೀರು. ಇಲ್ಲಿ ಮರಳಿಲ್ಲ, ಕಾಲು ಒದ್ದೆ ಮಾಡಿಕೊಳ್ಳುವ ಜಾಗವಿಲ್ಲ. ನೀರು ನೇರ ಗೋಡೆಗೇ ಬಂದು ಬಡಿಯುತ್ತದೆ. ಜಗತ್ತಿನ ಯಾವ ಹೋಟೆಲಿಗೂ ಇಷ್ಟುದ್ದದ ಕಡಲ ಮುಖವಿಲ್ಲ, 842 ಅಡಿ ಎಂದು ಹಿಂದೆ ಜಾಹೀರಾತಿನಲ್ಲಿ ಕೊಚ್ಚಿಕೊಳ್ಳುತ್ತಿದ್ದರಂತೆ.

ಸಂಜೆ ಆ ಗೋಡೆಯ ಮೇಲೆ ಮೊಣಕೈ ಊರಿ ನಿಂತೆವು. ಉಬ್ಬರ ಇಳಿಯುತ್ತಿತ್ತು, ಕಲ್ಲುಗಳ ಮೇಲೆ ನೀರು ಎಲ್ಲಿಯ ತನಕ ಏರಿತ್ತು ಎನ್ನುವುದಕ್ಕೆ ಹಸಿರು ಗೆರೆ, ಅದರ ಕೆಳಗೆ ಚಿಪ್ಪುಗಳು, ಇನ್ನೂ ಕೆಳಗೆ ಕಲ್ಲಿಗೆ ಅಂಟಿಕೊಂಡೇ ಓಡಾಡುವ ಪುಟ್ಟ ಏಡಿಗಳು. ದೂರದಲ್ಲಿ ಸರಕು ಹಡಗುಗಳು ಸರದಿಗೆ ಕಾಯುತ್ತಾ ನಿಂತಿದ್ದವು. ಅವುಗಳ ಹಿಂದೆ ಮಂಜು ಕವಿದ ಮುಖ್ಯಭೂಮಿ, ಉತ್ತರಕ್ಕೆ ಒಂಟಿಯಾಗಿ ಎದ್ದ ಬೆಟ್ಟ. ಅದು ಕೆಡಾ ಶಿಖರ, 1,217 ಮೀಟರ್. ಆಚೆ ದಡದ ಆ ಪಟ್ಟಿಗೆ ಬ್ರಿಟಿಷರ ಕಾಲದಲ್ಲಿ ಪ್ರಾವಿನ್ಸ್ ವೆಲ್ಲೆಸ್ಲಿ ಎಂದು ಹೆಸರು. ಯಾವ ವೆಲ್ಲೆಸ್ಲಿ? 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಸೈನ್ಯ ಕಳಿಸಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯೇ. ಟಿಪ್ಪು ಸತ್ತ ಮರು ವರ್ಷ, 1800ರಲ್ಲಿ, ಈ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು, ಅವನ ಹೆಸರು ಹೊತ್ತಿತು. ಇವನ ತಮ್ಮ ಆರ್ಥರ್, ಮುಂದೆ ವೆಲ್ಲಿಂಗ್ಟನ್ ಆದವನು, 1797ರಲ್ಲಿ ಮನಿಲಾದ ಮೇಲೆ ದಂಡೆತ್ತಿ ಹೋಗಲು ಹೊರಟು ಪೆನಾಂಗಿನವರೆಗೆ ಬಂದಿದ್ದ. ದಂಡಯಾತ್ರೆ ರದ್ದಾಗಿ ವಾಪಸಾದ. ಎರಡು ವರ್ಷದಲ್ಲಿ ಕಾವೇರಿ ದಡದಲ್ಲಿದ್ದ. ಇಷ್ಟು ದೂರ ಬಂದರೂ ನಮ್ಮ ಪಠ್ಯಪುಸ್ತಕ ಬೆನ್ನು ಬಿಡಲಿಲ್ಲ.

ಎರಡನೇ ದಿನ: ಎಲ್ಲಿಗೂ ಹೋಗಲಿಲ್ಲ

ಇಂಥ ಹೋಟೆಲಿಗೆ ಬಂದು ಬೆಳಿಗ್ಗೆ ಎಂಟಕ್ಕೆ ಹೊರಬಿದ್ದು ರಾತ್ರಿ ಹತ್ತಕ್ಕೆ ಮರಳುವವರನ್ನು ಕಂಡರೆ ನನಗೆ ಅಚ್ಚರಿ. ಅಷ್ಟಕ್ಕೆ ಪೇಟೆಯ ಒಳಗೆ ಇದರ ಕಾಲುಭಾಗದ ಬೆಲೆಗೆ ಚೊಕ್ಕ ರೂಮು ಸಿಗುತ್ತದೆ. ಕಡಲ ಮುಖದ ಹೋಟೆಲಿನಲ್ಲಿ ಕನಿಷ್ಠ ಒಂದು ಇಡೀ ದಿನ ಸುಮ್ಮನೆ ಕೂತಿರಬೇಕು, ಕೊಟ್ಟ ದುಡ್ಡು ವಸೂಲಾಗುವುದು ಆಗಲೇ. ಈ ವಾದ ಅಕ್ಕನಿಗೂ ಹಿಡಿಸಿತು.

ತಿಂಡಿಗೆ ಹೋದರೆ ಎದುರಿಗೇ ಕಡಲು. ರೋಟಿ ಚನಾಯ್ ಬಿಸಿಬಿಸಿ ಮಾಡಿ ಕೊಡುತ್ತಿದ್ದರು. ನಮ್ಮ ಪರೋಟದ ದೂರದ ನೆಂಟ. ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬೀಸಿ ಬಟ್ಟೆಯಷ್ಟು ತೆಳ್ಳಗೆ ಮಾಡಿ, ನಾಲ್ಕು ಮಡಿಕೆ ಹಾಕಿ ಕಾವಲಿಗೆ ಬಿಡುತ್ತಾರೆ. ಜೊತೆಗೆ ಬೇಳೆಯ ಸಾರು. ಪೆನಾಂಗಿನ ಇನ್ನೊಂದು ವಿಶೇಷ ಜಾಯಿಕಾಯಿಯ ಶರಬತ್ತು. ನಾವು ಮಸಾಲೆಗೆ ಕಾಯಿಯ ಒಳಗಿನ ಬೀಜ, ಪತ್ರೆ ಇಟ್ಟುಕೊಂಡು ಸಿಪ್ಪೆ ಎಸೆಯುತ್ತೇವೆ. ಇಲ್ಲಿ ಆ ದಪ್ಪ ಸಿಪ್ಪೆಯನ್ನೇ ಅರೆದು ರಸ ತೆಗೆಯುತ್ತಾರೆ, ಉಪ್ಪು ಸಕ್ಕರೆ ಹಾಕಿ ಒಣಗಿಸುತ್ತಾರೆ. ಕಂಪನಿಯವರು ಮೊಲುಕ್ಕಾಸ್ ದ್ವೀಪಗಳಿಂದ ಸಸಿ ತರಿಸಿ ಇಲ್ಲಿ ತೋಟ ಮಾಡಿಸಿದ್ದರು. ಹತ್ತೊಂಬತ್ತನೇ ಶತಮಾನದ ನಡುವೆ ರೋಗ ಬಿದ್ದು ತೋಟಗಳು ಹಾಳಾದವು. ಶರಬತ್ತು ಮಾತ್ರ ಉಳಿದುಕೊಂಡಿತು. ಒಂದು ಗುಟುಕಿಗೆ ಮೂಗಿನ ತನಕ ಘಮ್ಮೆನ್ನುತ್ತದೆ.

ತೋಟದಲ್ಲಿ ದೊಡ್ಡದೊಂದು ಜಾವಾ ಮರವಿದೆ. ಅದರ ನೆರಳಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಹೋಟೆಲಿನ ಕಥೆ ಮೆಲುಕು ಹಾಕಿದೆ. ನನಗೆ ಇಷ್ಟವಾದವನು ಅಣ್ಣತಮ್ಮಂದಿರಲ್ಲಿ ಕಿರಿಯ, ಅರ್ಷಕ್ ಸಾರ್ಕೀಸ್. ಲೆಕ್ಕಾಚಾರದ ಮನುಷ್ಯ ಅಲ್ಲವೇ ಅಲ್ಲ. ತಲೆಯ ಮೇಲೆ ವಿಸ್ಕಿ ಗ್ಲಾಸು ಇಟ್ಟುಕೊಂಡು, ತೊಟ್ಟು ಚೆಲ್ಲದ ಹಾಗೆ, ಸಭಾಂಗಣದ ತುಂಬ ವಾಲ್ಟ್ಸ್ ಕುಣಿಯುತ್ತಿದ್ದನಂತೆ. ರಬ್ಬರ್ ತೋಟದ ಸಾಹೇಬರು ಕುಡಿದು ಉಂಡು ಬಿಲ್ಲು ಬಾಕಿ ಇಟ್ಟರೆ ಕೇಳುತ್ತಿರಲಿಲ್ಲ, ಊರಿಗೆ ಹೋಗಲು ಕೈಯಲ್ಲಿ ಕಾಸಿಲ್ಲದವರಿಗೆ ಹಡಗಿನ ಟಿಕೆಟ್ಟನ್ನೂ ತಾನೇ ಕೊಡಿಸುತ್ತಿದ್ದ ಎಂದು ಕಥೆಗಳಿವೆ. 1920ರ ದಶಕದ ಶುರುವಿನಲ್ಲಿ ವಿಕ್ಟರಿ ಅನೆಕ್ಸ್ ಎಂಬ ಹೊಸ ಭಾಗ ಕಟ್ಟಿಸಿದ. ಆಮೇಲೆ ಜಗತ್ತಿಗೇ ಮಹಾ ಕುಸಿತ ಬಂತು, ರಬ್ಬರಿನ ಬೆಲೆ ಪಾತಾಳಕ್ಕೆ ಇಳಿಯಿತು. ತೋಟದವರ ಬಾಕಿ ಬಾಕಿಯಾಗಿಯೇ ಉಳಿಯಿತು. 1931ರಲ್ಲಿ ಅರ್ಷಕ್ ಸತ್ತ. ಅದೇ ವರ್ಷ ಸಾರ್ಕೀಸ್ ಬ್ರದರ್ಸ್ ದಿವಾಳಿ. ಕಥೆ ಕೇಳಿದ ಅಕ್ಕ, "ಉದ್ರಿ ಕೊಟ್ಟವನು ಉದ್ಧಾರ ಆಗಿದ್ದು ನಾನಂತೂ ನೋಡಿಲ್ಲ" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಆದರೂ ಒಳ್ಳೆಯವನೇ" ಎಂದು ಸೇರಿಸಿದಳು.

ಹೋಟೆಲು ಕೈ ಬದಲಾಯಿಸುತ್ತ, ಸೊರಗುತ್ತ, 1996ರಲ್ಲಿ ಮುಚ್ಚಿತ್ತು. 2001ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. 2013ರಲ್ಲಿ ಹೊಸ ವಿಕ್ಟರಿ ಅನೆಕ್ಸ್ ಬಂತು. ಹೋಟೆಲಿನಲ್ಲಿ ಹಿಂದೆ ಉಳಿದುಕೊಂಡವರ ಪಟ್ಟಿಯಲ್ಲಿ ಕಿಪ್ಲಿಂಗ್, ಸಾಮರ್ಸೆಟ್ ಮಾಮ್, ಹರ್ಮನ್ ಹೆಸ್ಸೆ, ನೋಯೆಲ್ ಕವರ್ಡ್ ಇದ್ದಾರೆ. ಈ ಭಾಗದ ಹಳೇ ಹೋಟೆಲುಗಳೆಲ್ಲ ಹೆಚ್ಚುಕಡಿಮೆ ಇವರನ್ನೇ ಹಂಚಿಕೊಂಡಿವೆ. ನನಗೆ ಅವರಿಗಿಂತ ಕುತೂಹಲ ಇದ್ದದ್ದು ಒಬ್ಬ ರಷ್ಯನ್ ನೌಕಾಧಿಕಾರಿಯ ಬಗ್ಗೆ.

1914ರ ಅಕ್ಟೋಬರ್ 28. ಮೊದಲ ಮಹಾಯುದ್ಧ ಶುರುವಾಗಿ ಮೂರು ತಿಂಗಳಾಗಿತ್ತು. ಅದಕ್ಕೂ ತಿಂಗಳೊಪ್ಪತ್ತಿನ ಮೊದಲು ಮದರಾಸಿನ ತೈಲದ ಟ್ಯಾಂಕುಗಳಿಗೆ ಗುಂಡು ಹಾರಿಸಿ ಊರನ್ನೇ ನಡುಗಿಸಿದ್ದ ಜರ್ಮನ್ ಯುದ್ಧನೌಕೆ ಎಂಡನ್, ನಸುಕಿನ ಕತ್ತಲಲ್ಲಿ ಪೆನಾಂಗ್ ಬಂದರಿಗೆ ನುಗ್ಗಿತು. ಇದ್ದ ಮೂರು ಹೊಗೆಕೊಳವೆಗಳ ಜೊತೆಗೆ ಸುಳ್ಳಿನದೊಂದು ನಾಲ್ಕನೆಯದನ್ನು ನಿಲ್ಲಿಸಿಕೊಂಡಿತ್ತು, ದೂರದಿಂದ ನೋಡಿದವರಿಗೆ ಬ್ರಿಟಿಷ್ ಹಡಗಿನಂತೆ ಕಾಣಲೆಂದು. ಬಂದರಿನಲ್ಲಿ ಲಂಗರು ಹಾಕಿದ್ದದ್ದು ಮಿತ್ರಪಕ್ಷದ ರಷ್ಯನ್ ನೌಕೆ ಜೆಮ್ಚುಗ್. ಅದರ ಕಪ್ತಾನ ಬ್ಯಾರನ್ ಚೆರ್ಕಾಸೊವ್ ರಾತ್ರಿ ಹಡಗಿನಲ್ಲಿರಲಿಲ್ಲ. ದಡಕ್ಕೆ ಬಂದು, ಹೆಂಡತಿಯ ಜೊತೆ, ಇದೇ ಹೋಟೆಲಿನಲ್ಲಿ ತಂಗಿದ್ದ ಎಂದು ಇಲ್ಲಿನ ಇತಿಹಾಸ ಬಲ್ಲವರೆಲ್ಲ ಹೇಳುತ್ತಾರೆ. ಎಂಡನ್ ಹತ್ತಿರ ಬಂದು ನಿಜವಾದ ಬಾವುಟ ಏರಿಸಿ ಟಾರ್ಪೆಡೊ ಬಿಟ್ಟಿತು, ತಿರುಗಿ ಬಂದು ಇನ್ನೊಂದು. ಜೆಮ್ಚುಗ್ ಮುಳುಗಿತು. ಎಂಬತ್ತಕ್ಕೂ ಹೆಚ್ಚು ನಾವಿಕರು ಸತ್ತರು. ಹೊರಗೆ ಹೋಗುವ ದಾರಿಯಲ್ಲಿ ಎಂಡನ್ ಮುಸ್ಕೆ ಎಂಬ ಫ್ರೆಂಚ್ ಹಡಗನ್ನೂ ಮುಳುಗಿಸಿ, ನೀರಿಗೆ ಬಿದ್ದವರಲ್ಲಿ ಬದುಕಿದ್ದವರನ್ನು ಎತ್ತಿಕೊಂಡು ಹೋಯಿತು. ಚೆರ್ಕಾಸೊವ್‌ನನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ ಹುದ್ದೆ ಕಿತ್ತು ಶಿಕ್ಷೆ ಕೊಟ್ಟರು.

ಆ ಗೋಡೆಯ ಬಳಿ ನಿಂತಾಗ ನನಗೆ ಬಿಡದೆ ಕಾಡಿದ್ದು ಈ ಮನುಷ್ಯ. ಇಲ್ಲಿಂದ ಕಡಲು ಎಷ್ಟು ಚೆನ್ನಾಗಿ ಕಾಣುತ್ತದೆಂದರೆ, ಅವನಿಗೆ ತನ್ನ ಹಡಗು ಮುಳುಗಿದ್ದೂ ಅಷ್ಟೇ ಚೆನ್ನಾಗಿ ಕಂಡಿರಬೇಕು. ಕಡಲ ಮುಖದ ರೂಮುಗಳ ಸುಖವೇ ಇಂಥದು. ನೀರಿನ ಮೇಲೆ ಏನಾದರೂ ಆಗಲಿ, ನಾವು ಜಗಲಿಯ ಮೇಲಿರುತ್ತೇವೆ.

ಮೂರು ಗಂಟೆಯ ಹೊತ್ತಿಗೆ ಮುಖ್ಯಭೂಮಿಯ ಕಡೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ಕೆಡಾ ಬೆಟ್ಟ ಮೊದಲು ಮಾಯವಾಯಿತು, ಆಮೇಲೆ ಹಡಗುಗಳು ಒಂದೊಂದಾಗಿ. ಮಳೆಯ ಪರದೆ ನೀರಿನ ಮೇಲೆ ನಮ್ಮ ಕಡೆಗೇ ನಡೆದು ಬರುವುದು ಕಾಣುತ್ತಿತ್ತು. ಸಿಬ್ಬಂದಿ ಕುರ್ಚಿಯ ದಿಂಬುಗಳನ್ನು ತೋಳಿನಲ್ಲಿ ಅವುಚಿಕೊಂಡು ಓಡಿದರು. ಅವರ ಲೆಕ್ಕ ಕರಾರುವಾಕ್ಕು, ಕೊನೆಯ ದಿಂಬು ಒಳಗೆ ಹೋದದ್ದೂ ಮೊದಲ ಹನಿ ಬಿದ್ದದ್ದೂ ಒಟ್ಟಿಗೇ. ಮುಕ್ಕಾಲು ಗಂಟೆ ಹೊಡೆಯಿತು. ನಾವು ವರಾಂಡದಲ್ಲಿ ಚಹಾ ತರಿಸಿಕೊಂಡೆವು. ಮೂರಂತಸ್ತಿನ ತಟ್ಟೆಯಲ್ಲಿ ಬೆರಳಷ್ಟುದ್ದದ ಸ್ಯಾಂಡ್‌ವಿಚ್, ಸ್ಕೋನ್, ಕೇಕಿನ ಚೂರು. ಈ ಇಂಗ್ಲಿಷ್ ಮಧ್ಯಾಹ್ನದ ಚಹಾ ಎನ್ನುವುದು ತಿನ್ನುವುದಕ್ಕಿಂತ ನೋಡುವುದಕ್ಕೇ ಹೆಚ್ಚು ಎನ್ನುವುದು ನನ್ನ ಹಳೇ ಅಭಿಪ್ರಾಯ. ಮಳೆಯ ಸಂಜೆಗೆ ಈರುಳ್ಳಿ ಬಜ್ಜಿಯ ಎದುರು ಯಾವ ಸ್ಕೋನೂ ನಿಲ್ಲುವುದಿಲ್ಲ.

ಮೂರನೇ ದಿನ: ಗೋರಿ, ಕೋಟೆ, ಬಾವುಟ

ಹೋಟೆಲಿನಿಂದ ಬಲಕ್ಕೆ ಹೊರಳಿ ಕೆಲವೇ ನಿಮಿಷ ನಡೆದರೆ ಹಳೆಯ ಪ್ರಾಟೆಸ್ಟೆಂಟ್ ಸ್ಮಶಾನ. ಗೋಡೆಯೊಳಗೆ ದೇವಕಣಗಿಲೆಯ ಮುದಿ ಮರಗಳು, ಪಾಚಿ ಕಟ್ಟಿದ ಗೋರಿಗಳ ಮೇಲೆ ಉದುರಿದ ಹೂವು. 1786ರ ಆಗಸ್ಟಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ದ್ವೀಪವನ್ನು ವಶಕ್ಕೆ ತೆಗೆದುಕೊಂಡ ಫ್ರಾನ್ಸಿಸ್ ಲೈಟ್ ಇಲ್ಲಿದ್ದಾನೆ. 1794ರಲ್ಲಿ ಮಲೇರಿಯಾದಿಂದ ಸತ್ತ. ಗೋರಿಗಳ ಮೇಲಿನ ವಯಸ್ಸುಗಳನ್ನು ಓದುತ್ತ ಹೋದರೆ ಎದೆ ಭಾರವಾಗುತ್ತದೆ. ಎಳೆಯ ಹೆಂಡಂದಿರು, ಹಸುಗೂಸುಗಳು, ಇಪ್ಪತ್ತರ ಆಸುಪಾಸಿನ ಗುಮಾಸ್ತರು. ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಅರಮನೆಯಲ್ಲಿ ರಾಜನ ಮಕ್ಕಳಿಗೆ ಪಾಠ ಹೇಳಿದ ಆನಾ ಲಿಯೊನೊವೆನ್ಸ್‌ಳ ಗಂಡ ಥಾಮಸ್ ಕೂಡ ಇಲ್ಲಿಯೇ ಮಲಗಿದ್ದಾನೆ. 1859ರಲ್ಲಿ ಸತ್ತ, ಪೆನಾಂಗಿನಲ್ಲಿ ಹೋಟೆಲು ನೋಡಿಕೊಳ್ಳುತ್ತಿದ್ದವನು. ಸಾರ್ಕೀಸರಿಗಿಂತ ಕಾಲು ಶತಮಾನ ಮುಂಚಿನ ಮಾತು.

ಅಲ್ಲಿಂದ ತಿರುಗಿ, ಹೋಟೆಲು ದಾಟಿ, ಪೂರ್ವಕ್ಕೆ ನಡೆದರೆ ಬಯಲು, ಟೌನ್ ಹಾಲ್, 1903ರ ಸಿಟಿ ಹಾಲ್, ಕೊನೆಗೆ ಕಾರ್ನ್‌ವಾಲಿಸ್ ಕೋಟೆ. ಹೌದು, 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರು ವರ್ಷ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ ಅದೇ ಕಾರ್ನ್‌ವಾಲಿಸ್. ಅವನ ಹೆಸರಿನ ಕೋಟೆ ಮಾತ್ರ ಒಂದೇ ಒಂದು ಯುದ್ಧವನ್ನೂ ನೋಡಲಿಲ್ಲ. ಲೈಟ್ ಬಂದಾಗ ಇಲ್ಲಿ ದಟ್ಟ ಕಾಡು. ಕಡಿಯಲು ಆಳುಗಳಿಗೆ ಹುರುಪು ಬರಲೆಂದು ಫಿರಂಗಿಗೆ ಬೆಳ್ಳಿ ನಾಣ್ಯ ತುಂಬಿ ಕಾಡಿನೊಳಕ್ಕೆ ಹಾರಿಸಿದನಂತೆ. ಕಥೆ ನಿಜವೋ ಸುಳ್ಳೋ, ಅಕ್ಕನ ಪ್ರಶ್ನೆ ನ್ಯಾಯವಾದದ್ದು: "ಆ ನಾಣ್ಯ ಯಾವ ಖಾತೆಗೆ ಬರೆದನೋ?" ಕೋಟೆಯಲ್ಲಿ ಲೈಟನ ಕಂಚಿನ ಪ್ರತಿಮೆಯಿದೆ. ಅವನ ಚಿತ್ರ ಸಿಗದೆ ಮಗ ವಿಲಿಯಂ ಲೈಟನ ಮುಖಚಹರೆ ನೋಡಿ ಮಾಡಿದ್ದು. ಆ ಮಗ ಆಸ್ಟ್ರೇಲಿಯಾದ ಅಡಿಲೇಡ್ ನಗರದ ನಕ್ಷೆ ಹಾಕಿದವನು.

ಈ ಕೋಟೆಯ ಇಟ್ಟಿಗೆ ಗೋಡೆ, ಹತ್ತಿರದ ಸೇಂಟ್ ಜಾರ್ಜ್ ಚರ್ಚ್ (1818), ಊರಿನ ಎಷ್ಟೋ ರಸ್ತೆಗಳು, ಇವನ್ನೆಲ್ಲ ಕಟ್ಟಿದವರು ಭಾರತದಿಂದ ಗಡೀಪಾರಾಗಿ ಬಂದ ಕೈದಿಗಳು. ಅಂಡಮಾನ್ ಜೈಲಿಗೂ ಎಷ್ಟೋ ಮೊದಲು ನಮ್ಮವರಿಗೆ ಕಾಲಾಪಾನಿ ಎಂದರೆ ಪೆನಾಂಗ್. ಕಂಪನಿಯ ವಿರುದ್ಧ ಎದ್ದ ತಮಿಳುನಾಡಿನ ಶಿವಗಂಗೆಯ ಮರುದು ಸಹೋದರರನ್ನು ಗಲ್ಲಿಗೇರಿಸಿದ ಮೇಲೆ, 1802ರಲ್ಲಿ, ಅವರ ಜೊತೆ ಬಂಡೆದ್ದ ಪಾಳೆಯಗಾರರ ಕಡೆಯ ಎಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ತೂತ್ತುಕುಡಿಯಲ್ಲಿ ಹಡಗು ಹತ್ತಿಸಿದ್ದು ಇಲ್ಲಿಗೇ. ಅವರಿಗೂ ಇಲ್ಲಿ ಕಡಲು ಕಾಣುತ್ತಿತ್ತು; ಬಂದ ದಾರಿ ಅದೇ, ಹಿಂತಿರುಗುವ ದಾರಿಯಿಲ್ಲ. ಚರ್ಚಿನ ಬಿಳಿ ಕಂಬಗಳು ಬಹಳ ಚೆಂದ. ಎದುರಿನ ಹುಲ್ಲಿನಲ್ಲಿ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾವೂ ತೆಗೆಸಿಕೊಂಡೆವು.

ಕೋಟೆಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಹೋದರೆ ಹೋಟೆಲಿನ ಕಥೆ ಅರ್ಧವಾಗುತ್ತದೆ. 1941ರ ಡಿಸೆಂಬರ್ 11ರಂದು ಜಪಾನಿ ವಿಮಾನಗಳು ಜಾರ್ಜ್‌ಟೌನ್ ಮೇಲೆ ಬಾಂಬು ಸುರಿದವು. ದಾಳಿ ಶುರುವಾದ ಕೆಲವೇ ದಿನಗಳಲ್ಲಿ ಬ್ರಿಟಿಷರು ದ್ವೀಪದಲ್ಲಿದ್ದ ಯುರೋಪಿಯನ್ನರನ್ನು ಸದ್ದಿಲ್ಲದೆ ಹಡಗು ಹತ್ತಿಸಿ ಸಾಗಿಸಿಬಿಟ್ಟರು. ಮಲಯರಿಗೆ, ಚೀನೀಯರಿಗೆ, ಭಾರತೀಯರಿಗೆ ಒಂದು ಮಾತೂ ಹೇಳಲಿಲ್ಲ. ನಿನ್ನೆಯವರೆಗೆ ಕಡಲ ಜಗಲಿಯಲ್ಲಿ ಕೂತು ಜಿನ್ ಹೀರುತ್ತಿದ್ದವರು ಬೆಳಗಾಗುವುದರೊಳಗೆ ಇಲ್ಲ. ಕೋಟೆಯ ಮೇಲಿನ ಬ್ರಿಟಿಷ್ ಬಾವುಟ ಹಾರುತ್ತಲೇ ಇತ್ತು. ಅದಿರುವ ತನಕ ಬಾಂಬು ನಿಲ್ಲುವುದಿಲ್ಲ. ಕೊನೆಗೆ ಹೋಗಿ ಅದನ್ನು ಇಳಿಸಿ ಬಿಳಿ ಬಾವುಟ ಏರಿಸಿದ್ದು ಸ್ಟ್ರೇಟ್ಸ್ ಎಕೋ ಪತ್ರಿಕೆಯ ಸಂಪಾದಕ ಎಂ. ಸರವಣಮುತ್ತು, ಸಿಲೋನಿನ ತಮಿಳರು. 19ರಂದು ಜಪಾನಿ ಸೈನ್ಯ ಒಳಗೆ ಬಂತು. ಪೂರ್ವದ ಹಳೇ ಹೋಟೆಲುಗಳಲ್ಲಿ 'ಆ ಸುವರ್ಣಕಾಲ' ಎಂದು ಯಾರಾದರೂ ಶುರು ಮಾಡಿದರೆ ನನಗೆ ನೆನಪಾಗುವುದು ಈ ಸಂಪಾದಕರು.

ಕೋಟೆಯ ಪಕ್ಕದ ಗಡಿಯಾರದ ಗೋಪುರ 60 ಅಡಿ ಎತ್ತರ, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ತುಂಬಿದ ನೆನಪಿಗೆ, ವರ್ಷಕ್ಕೊಂದು ಅಡಿಯಂತೆ. ಚಿಯಾ ಚೆನ್ ಇಯೊಕ್ ಎಂಬ ಚೀನೀ ಶ್ರೀಮಂತ ಕಟ್ಟಿಸಿಕೊಟ್ಟದ್ದು. ಮುಗಿಯುವ ಹೊತ್ತಿಗೆ ರಾಣಿಯೇ ಇರಲಿಲ್ಲ. ಬಾಂಬಿನ ಅದುರಿಗೆ ಗೋಪುರ ಕೊಂಚ ವಾಲಿದೆ. ತಲೆ ಓರೆ ಮಾಡದೆ ನೋಡಿದರೆ ಗೊತ್ತಾಗುತ್ತದೆ.

ಊಟಕ್ಕೆ ಲಿಟಲ್ ಇಂಡಿಯಾ. ಬಾಳೆಲೆಯ ಮೇಲೆ ಅನ್ನ, ಸಾರು, ಎರಡು ಪಲ್ಯ, ಹಪ್ಪಳ, ಮಜ್ಜಿಗೆ. ಇದರ ಬಗ್ಗೆ ನಮ್ಮವರಿಗೆ ವರ್ಣನೆ ಬೇಕಿಲ್ಲ. ಕ್ವೀನ್ ಸ್ಟ್ರೀಟಿನ ಮಾರಿಯಮ್ಮನ ಗುಡಿ 1833ರದು. ಹತ್ತಿರದಲ್ಲೇ ಕಪಿತಾನ್ ಕೆಲಿಂಗ್ ಮಸೀದಿ, ಅದಕ್ಕಾಚೆ ಚೀನೀಯರ ಗುಡಿಗಳು. ಅಗರಬತ್ತಿಯ ಹೊಗೆ ಯಾವುದರದ್ದು ಎಂದು ಹೇಳಲಾಗುವುದಿಲ್ಲ.

ನಾಲ್ಕನೇ ದಿನ: ನೀರಿನ ಮೇಲಿನ ಬೀದಿ

ಬೆಳಿಗ್ಗೆ ಬೇಗ ವೆಲ್ಡ್ ಕೀಗೆ ಹೋದೆವು. ಊರಿನ ಪೂರ್ವದ ದಡ ಇದು, ದುಡಿಯುವ ದಡ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಡಲಿಗೆ ಮಣ್ಣು ತುಂಬಿ ಮಾಡಿದ ನೆಲ. ಹಳೇ ದಡ ಈಗ ಒಂದು ಬೀದಿ ಹಿಂದಕ್ಕೆ ಸರಿದು ಬ್ಯಾಂಕುಗಳ ಸಾಲಾಗಿದೆ. ಹೊಸ ದಡದಲ್ಲೂ ಜಾಗ ಸಿಗದವರು ಇನ್ನೂ ಮುಂದಕ್ಕೆ, ನೀರಿನ ಮೇಲೇ, ಕಂಬ ನೆಟ್ಟು ಮನೆ ಕಟ್ಟಿಕೊಂಡರು. ಫುಜಿಯಾನ್ ಪ್ರಾಂತ್ಯದಿಂದ ಬಂದ ಹೊಕ್ಕಿಯನ್ ಚೀನೀಯರು, ಹಡಗಿನಿಂದ ದೋಣಿಗೆ, ದೋಣಿಯಿಂದ ಧಕ್ಕೆಗೆ ಮೂಟೆ ಹೊತ್ತವರು. ಒಂದೊಂದು ಜೆಟ್ಟಿಗೆ, ಅಂದರೆ ನೀರಿನ ಮೇಲಿನ ಹಲಗೆಯ ಬೀದಿಗೆ, ಒಂದೊಂದು ಮನೆತನ: ಚ್ಯೂ, ಲಿಮ್, ತಾನ್, ಲೀ, ಯೋ. ಚ್ಯೂ ಜೆಟ್ಟಿಯೇ ದೊಡ್ಡದು.

ಹಲಗೆಯ ದಾರಿ ಕಾಲ ಕೆಳಗೆ ಟಕಟಕ ಎನ್ನುತ್ತದೆ. ಸಂದಿಯಲ್ಲಿ ನೀರು ಹೊಳೆಯುತ್ತದೆ. ಮನೆಗಳ ಮುಂದೆ ಕೆಂಪು ಕಾಗದದ ಗೂಡುದೀಪ, ಗೋಡೆಗೆ ಕೂರಿಸಿದ ಪುಟ್ಟ ದೇವರಗೂಡು, ಒಣಹಾಕಿದ ಅಂಗಿ, ಸೈಕಲ್ಲು. ಮೊದಲ ಹತ್ತಾರು ಮನೆಗಳು ಈಗ ಟೀಶರ್ಟು, ಐಸ್‌ಕ್ರೀಮು ಮಾರುವ ಅಂಗಡಿಗಳು. ತುದಿಯತ್ತ ಹೋದಂತೆ ಬದುಕು ಕಾಣುತ್ತದೆ. ಒಬ್ಬ ಅಜ್ಜಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ದೇಟು ಹೋಗಿ ಬೀಳುತ್ತಿದ್ದದ್ದು ಪಕ್ಕದ ಹಲಗೆಯ ಸಂದಿಗೆ, ಅಲ್ಲಿಂದ ಸೀದಾ ಕಡಲಿಗೆ, ಕೆಳಗೆ ಮೀನಿನ ಹಿಂಡು ಬಾಯಿ ತೆರೆದು ಕಾದಿತ್ತು. ಅಕ್ಕ ನಿಂತು ನೋಡಿದಳು. ಅಜ್ಜಿ ತಲೆ ಎತ್ತಿ ಅಕ್ಕನ ಮೂಗುಬೊಟ್ಟನ್ನು ಬೆರಳಲ್ಲಿ ತೋರಿಸಿ ಏನೋ ಅಂದರು. ಅಕ್ಕ ಅವರ ಕೈಯ ಹಸಿರು ಬಳೆ ತೋರಿಸಿ ಕನ್ನಡದಲ್ಲೇ, "ನಿಮ್ಮದೂ ಚೆನ್ನಾಗಿದೆ" ಅಂದಳು. ಲೇವಾದೇವಿ ಸಮವಾಯಿತು.

ಇಲ್ಲಿಯ ಮನೆಗಳು ನೆಲದ ಮೇಲಿಲ್ಲ. ಹಾಗಾಗಿ ಭೂಕಂದಾಯವೂ ಇಲ್ಲ, ಕೈಯಲ್ಲಿ ಪತ್ರವೂ ಇಲ್ಲ. ಪತ್ರ ಇಲ್ಲದವರಿಗೆ ಏನಾಗುತ್ತದೋ ಅದೇ ಆಯಿತು. 2006ರಲ್ಲಿ ಎರಡು ಜೆಟ್ಟಿಗಳನ್ನು ಕೆಡವಿ ವಸತಿ ಕಟ್ಟಡಕ್ಕೆ ಜಾಗ ಮಾಡಿದರು. ಎರಡೇ ವರ್ಷದ ಮೇಲೆ, 2008ರಲ್ಲಿ, ಜಾರ್ಜ್‌ಟೌನ್ ಯುನೆಸ್ಕೋ ಪಟ್ಟಿ ಸೇರಿತು. ಉಳಿದವು ಉಳಿದುಕೊಂಡವು. ಹೋಟೆಲಿನ 842 ಅಡಿಯ ಕಡಲ ಮುಖಕ್ಕೆ ಪತ್ರ ಇದ್ದೇ ಇರುತ್ತದೆ. ಚ್ಯೂ ಜೆಟ್ಟಿಯ ತುದಿಯ ಹಲಗೆಯಿಂದ ಕಾಣುವ ನೀರು ಅದಕ್ಕಿಂತ ಕಡಿಮೆಯದೇನಲ್ಲ, ಅಲ್ಲಿ ಕೂರಲು ಯಾರೂ ಬಿಲ್ಲು ಕೊಡುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಮಧ್ಯಾಹ್ನ ಈಜುಕೊಳ, ರಾತ್ರಿ ಫಾರ್ಕ್ವರ್ಸ್ ಬಾರ್. ಮರದ ಹಲಗೆ ಹೊದಿಸಿದ ಗೋಡೆ, ಮಂದ ಬೆಳಕು. ಅಕ್ಕ ನಿಂಬೆ ಸೋಡಾ ತರಿಸಿಕೊಂಡು, ಅರ್ಷಕನ ನೆನಪಿಗೆಂದು ಗ್ಲಾಸನ್ನು ಒಂದು ಕ್ಷಣ ತಲೆಯ ಮೇಲೆ ಇಟ್ಟುಕೊಂಡಳು. ಕುಣಿಯಲಿಲ್ಲ, ಪುಣ್ಯ.

ಕೊನೆಯ ದಿನ: ಬಿಲ್ಲು, ದೋಣಿ, ರೈಲು

ರಿಸೆಪ್ಷನ್‌ನಲ್ಲಿ ಅಕ್ಕ ಕನ್ನಡಕ ಏರಿಸಿ ಬಿಲ್ಲಿನ ಪ್ರತಿ ಸಾಲನ್ನೂ ಓದಿದಳು. ಹೊರದೇಶದವರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ, ಪೆನಾಂಗ್ ರಾಜ್ಯದ್ದು ಬೇರೆ 3 ರಿಂಗಿಟ್. ಹೋಗುವವರಿಗೆ ಹೇಳಿಡುತ್ತೇನೆ: ರೂಮಿನ ಬಾಡಿಗೆ ಮುಂಗಡ ಕಟ್ಟಿದ್ದರೂ ಇವೆರಡನ್ನು ಸಾಮಾನ್ಯವಾಗಿ ಹೋಟೆಲಿನಲ್ಲೇ ಕೇಳುತ್ತಾರೆ. ಭಾರತೀಯರಿಗೆ 2023ರ ಡಿಸೆಂಬರ್‌ನಿಂದ ವೀಸಾ ಮಾಫಿ ಇದೆ, ಹೊರಡುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಆಗಮನ ಚೀಟಿ ತುಂಬಬೇಕು. ರೂಮು ಹಿಡಿಯುವುದಾದರೆ ಹೆರಿಟೇಜ್ ವಿಂಗ್ ಎಂದೇ ಕೇಳಿ. ದುಡ್ಡು ಕಡಿಮೆಯಿದ್ದರೆ ಪೇಟೆಯಲ್ಲಿ ಉಳಿದು, ಒಂದು ಸಂಜೆ ಇಲ್ಲಿಗೆ ಚಹಾಕ್ಕೆ ಬಂದರೂ ಕಡಲ ಗೋಡೆಯ ಬಳಿ ನಿಲ್ಲಬಹುದು.

ವಾಪಸು ವಿಮಾನಕ್ಕೆ ಹೋಗದೆ ದೋಣಿ ಹತ್ತಿ ಬಟರ್‌ವರ್ತ್‌ಗೆ ದಾಟಿ, ಅಲ್ಲಿಂದ ಕೌಲಾಲಂಪುರಕ್ಕೆ ರೈಲು ಹಿಡಿಯಬೇಕೆನ್ನುವುದು ನನ್ನ ಹಟ. ದ್ವೀಪಕ್ಕೆ ಎರಡು ಸೇತುವೆ ಬಂದ ಮೇಲೂ, 1985ರದು ಒಂದು, 2014ರದು ಇನ್ನೊಂದು, ದೋಣಿ ನಿಂತಿಲ್ಲ. ಬೆಳಗಿನ ದೋಣಿಯಲ್ಲಿ ಪ್ರವಾಸಿಗರು ನಾವಿಬ್ಬರೇ. ಉಳಿದವರು ಊಟದ ಡಬ್ಬಿ ಹಿಡಿದ ಕೆಲಸಗಾರರು, ಸಮವಸ್ತ್ರದ ಹುಡುಗಿಯರು, ಸ್ಕೂಟರಿನವರು. ಯಾರೂ ಕಡಲು ನೋಡುತ್ತಿರಲಿಲ್ಲ. ಫೋನು ನೋಡುತ್ತಿದ್ದರು, ಕೆಲವರು ನಿಂತಲ್ಲೇ ತೂಕಡಿಸುತ್ತಿದ್ದರು. ಹೋಟೆಲು ಕಾಣುತ್ತದೇನೋ ಎಂದು ನಾನು ಕಟಕಟೆಯ ಬಳಿ ಹೋಗಿ ಬಲಗಡೆ ಇಣುಕಿದೆ. ಇಲ್ಲ. ಅದು ಕೋಟೆಯ ತಿರುವಿನ ಆಚೆ, ಉತ್ತರಕ್ಕೆ ಮುಖ ಮಾಡಿ ಕೂತಿದೆ. ದುಡಿಯುವ ದಡದಿಂದ ಅದು ಕಾಣುವುದೇ ಇಲ್ಲ. ಕಂಡದ್ದು ಚ್ಯೂ ಜೆಟ್ಟಿಯ ತಗಡಿನ ಸೂರುಗಳು, ಕ್ರೂಸ್ ಹಡಗು ನಿಲ್ಲುವ ಸ್ವೆಟನ್‌ಹ್ಯಾಮ್ ಧಕ್ಕೆ.

ಹತ್ತು ಹದಿನೈದು ನಿಮಿಷಕ್ಕೆ ಆಚೆ ದಡ. ಅಂದರೆ ಹಿಂದಿನ ಪ್ರಾವಿನ್ಸ್ ವೆಲ್ಲೆಸ್ಲಿ, ಈಗ ಸೆಬೆರಾಂಗ್ ಪೆರಾಯ್. ಅಕ್ಕನಿಗೆ ವೆಲ್ಲೆಸ್ಲಿಯ ಗೊಡವೆ ಬೇಕಿರಲಿಲ್ಲ. "ರೈಲಿನಲ್ಲಿ ತಿಂಡಿ ಸಿಗುತ್ತದೋ ಇಲ್ಲವೋ, ಈಗಲೇ ನೋಡು" ಎಂದು ಪೆಟ್ಟಿಗೆಯ ಹಿಡಿ ನನ್ನ ಕೈಗಿತ್ತು, ಸ್ಟೇಷನ್ನಿನ ಕಡೆ ನಡೆದೇಬಿಟ್ಟಳು.